ಒಂತೆ ಬಾಕಿ

ಕೊಟ್ಟಾರ ಚೌಕಿ, ಬೇಕರಿಯ ಮೇಲಿನ ಮಾಳಿಗೆ.
ನಮ್ಮ ಗೋಡೆಗೆ ಮೂರು ಅಂಕಣ ಗೀಚಿದ್ದೆ:
ಮಾಡಬೇಕು, ಮಾಡ್ತಾ ಇದೆ, ಮುಗಿಯಿತು.
ಹಳದಿ ಚೀಟಿಗಳು. ಒಂದು ಚೀಟಿಗೆ ಒಂದೇ ಕೆಲಸ,
ಒಬ್ಬರದೇ ಹೆಸರು. ಮೂರು ದಿನ ಮೀರುವಂಥದ್ದಾದರೆ
ಹರಿದು ಎರಡು ಮಾಡು.
ಇಷ್ಟೇ ನನಗೆ ಗೊತ್ತಿದ್ದ ಶಾಸ್ತ್ರ.

ಹಸನಬ್ಬನವರ ಐಸ್ ಪ್ಲಾಂಟಿಗೆ ಲೆಕ್ಕದ ಸಾಫ್ಟ್‌ವೇರ್.
ಯಾವ ಬೋಟಿಗೆ ಎಷ್ಟು ಬ್ಲಾಕ್, ಯಾರ ಬಾಕಿ ಎಷ್ಟು.
ಜೂನ್ ಒಂದಕ್ಕೆ ಬೋಟುಗಳೆಲ್ಲ ದಕ್ಕೆಗೆ ಬಂದು ಕಟ್ಟಿಕೊಂಡವು,
ಆಗಸ್ಟ್ ಒಂದಕ್ಕೆ ಹೊರಡುತ್ತವೆ.
ನಡುವೆ ಅರವತ್ತೊಂದು ದಿನ.
ಸಮುದ್ರಕ್ಕೆ ಮೇಲ್ ಕಳಿಸಿ
ಇನ್ನೆರಡು ವಾರ ಕೇಳುವ ಹಾಗಿಲ್ಲ.

ಯತಿನನನ್ನು ಕೇಳಿದೆ, ಬಿಲ್ಲಿಂಗಿಗೆ ಎಷ್ಟು ದಿನ?
ಎರಡು, ಅಂದ, ಕೀಬೋರ್ಡಿನಿಂದ ಕಣ್ಣೆತ್ತದೆ.
ಮೂಲೆಯಲ್ಲಿ ಚಹಾ ಆರಿಸುತ್ತಿದ್ದ ಹಸನಬ್ಬ ನಕ್ಕರು:
“ಹತ್ತು ಬ್ಲಾಕ್ ಸಾಕು ಅನ್ನುತ್ತಾನೆ ಹೊಸ ತಂಡೇಲ.
ನಾನು ಹನ್ನೆರಡು ಹಾಕಿಸುತ್ತೇನೆ.
ಅಳಿವೆ ದಾಟುವಷ್ಟರಲ್ಲಿ ಕರಗುವ ಎರಡನ್ನು
ಯಾರೂ ಪುಸ್ತಕದಲ್ಲಿ ಬರೆಯುವುದಿಲ್ಲ.
ಆದರೆ ಕರಗುತ್ತದಲ್ಲ?”

ಯತಿನನ ಎರಡನ್ನು ನಾಲ್ಕೆಂದು ಬರೆದುಕೊಂಡೆ, ಗುಟ್ಟಾಗಿ.
ಗುಟ್ಟಿನ ಐಸ್ ಬೇಗ ಕರಗುತ್ತದೆ, ಇದು ಆಮೇಲೆ ಕಲಿತದ್ದು.

ದಿನಾ ಒಂಬತ್ತೂವರೆಗೆ ಗೋಡೆಯ ಮುಂದೆ
ನಿಂತುಕೊಂಡೇ ಮಾತು. ಕೂತರೆ ಊರ ಸುದ್ದಿ ಬರುತ್ತದೆ.
“ಆಂಡಾ?” ನಾನು.
“ಒಂತೆ ಬಾಕಿ ಉಂಡು,” ಯತಿನ್.
ಸೋಮವಾರ ಒಂತೆ ಬಾಕಿ. ಗುರುವಾರ ಒಂತೆ ಬಾಕಿ.
ನಮ್ಮ ತುಳುವಿನಲ್ಲಿ ಒಂತೆ ಅಂದರೆ ಸ್ವಲ್ಪ,
ಅದನ್ನು ಸೇರಿನಲ್ಲಿ ಅಳೆದವರಿಲ್ಲ.
ಒಂಬತ್ತನೆಯ ದಿನ ರೇಶಲ್ ಮೆತ್ತಗೆ ಕೇಳಿದಳು:
“ಒಂತೆಯಲ್ಲಿ ಏನೇನು ಇದೆ? ಹೇಳು, ಬರೀತೇನೆ.”
ಆರು ಚೀಟಿ ಆಯಿತು.
ಆರನೆಯದು ಬರೆಯುವಾಗ ಯತಿನನ ಕಿವಿ ಕೆಂಪಾಗಿತ್ತು,
ಹೆಗಲು ಮಾತ್ರ ಇಳಿದಿತ್ತು,
ಗೋಣಿ ಕೆಳಗಿಟ್ಟವನ ಹಾಗೆ.

ಜುಲೈಯಲ್ಲಿ ಗೋಡೆ ಬೆವರತೊಡಗಿತು.
ಉಪ್ಪು ಡಬ್ಬಿಯೊಳಗೇ ನೀರಾಗುವ ಊರು,
ಚೀಟಿಯ ಗೋಂದು ಯಾವ ಲೆಕ್ಕ?
ರಾತ್ರಿ ಉದುರಿದ್ದನ್ನು ಬೆಳಿಗ್ಗೆ ಗುಡಿಸಲು ಬರುವ ವಾರಿಜಕ್ಕ
ಹೆಕ್ಕಿ, ಒರೆಸಿ, ಅನ್ನದ ಅಗುಳು ತಿಕ್ಕಿ
ಪುನಃ ಅಂಟಿಸುತ್ತಿದ್ದರು, ಎಲ್ಲಿ ಜಾಗ ಇದೆಯೋ ಅಲ್ಲಿ.
ಜಾಗ ಇದ್ದದ್ದು
‘ಮುಗಿಯಿತು’ ಎಂಬಲ್ಲಿ ಮಾತ್ರ.

ಹಾಗೆ ಹನ್ನೊಂದು ಕೆಲಸ ಮುಗಿದವು, ಯಾರೂ ಮುಟ್ಟದೆ.
ಹದಿನೆಂಟಕ್ಕೆ ಶಮಾ ಪರೀಕ್ಷಿಸಲು ಕೂತು ಕಿರುಚಿದಳು:
ಬಾಕಿ ಪಟ್ಟಿಯೇ ಇಲ್ಲ!
ಒಂದೊಂದಾಗಿ ಕೀಳುತ್ತ ಹೋದೆವು.
ಏಳು ಎಡಕ್ಕೆ ಮರಳಿದವು. ನಾಲ್ಕು ನನ್ನ ಕೈಯಲ್ಲೇ ಉಳಿದವು:
ಬೋಟಿನ ಫೋಟೋ, ಬಣ್ಣದ ನಕ್ಷೆ, ಹಬ್ಬದ ಶುಭಾಶಯ,
ತಂಡೇಲನ ಹುಟ್ಟಿದ ದಿನ.
ಮೂರು ವಾರ ಇವನ್ನು ಯಾರೂ ಕೇಳಿರಲಿಲ್ಲ,
ಹಠ ಹಿಡಿದು ಬರೆಸಿದ್ದ ಹಸನಬ್ಬನವರೂ.
ಫೋನು ಮಾಡಿದೆ. ಆ ಕಡೆ ಐಸ್ ಪುಡಿ ಮಾಡುವ ಯಂತ್ರದ ಸದ್ದು.
“ಅದೆಲ್ಲ ಬರುವ ವರ್ಷ ನೋಡುವ. ಬಾಕಿ ಪಟ್ಟಿ ಆಂಡಾ?”
ಒಂತೆ ಎಂಬುದು ನಾಲಗೆಯ ತುದಿಗೆ ಬಂತು. ನುಂಗಿದೆ.
“ಏಳು ಚೀಟಿ. ಎಂಟು ದಿನ.
ಕರಗಲಿಕ್ಕೆ ಎರಡು.”
ಈ ಸಲ ಎಲ್ಲರಿಗೂ ಕೇಳುವ ಹಾಗೆ.

ಆಗಸ್ಟ್ ಒಂದರ ನಸುಕಿಗೆ ದಕ್ಕೆಯಲ್ಲಿ ಮೊದಲ ಬಿಲ್ಲು ಬಂತು,
ಬೋಟಿನ ಹೆಸರಿನ ಒತ್ತಕ್ಷರ ಒಂದು ಬಿಟ್ಟುಹೋಗಿ.
ಬಯ್ಯಲು ಯಾರಿಗೂ ಪುರುಸೊತ್ತಿರಲಿಲ್ಲ.

ಆ ವಾರ ಪಫ್ಸ್ ತಿನ್ನುತ್ತ, ಏನು ಕೆಟ್ಟಿತು,
ಏನು ಸರಿಹೋಯಿತು ಎಂದು ಬರೆಯಲು ಕೂತಾಗ
ವಾರಿಜಕ್ಕನನ್ನೂ ಕರೆದೆವು.
ಒಂದು ಚೀಟಿ ಕೇಳಿ ಪಡೆದು ದುಂಡಗೆ ಬರೆದರು:
ಕಿಟಕಿ ಸೋರುತ್ತದೆ.
“ಒಬ್ಬರ ಹೆಸರು ಬೇಕಲ್ಲ?” ಎಂದು
ಕೆಳಗೆ ನನ್ನದನ್ನು ಬರೆದು,
ಅಗುಳು ತಿಕ್ಕಿ ಎಡಗಡೆಗೆ ಹಚ್ಚಿದರು.
“ಎಷ್ಟು ದಿನ?”

ಎರಡು,
ಅಂದುಬಿಟ್ಟೆ.