ಯಾಕೆ ಇರುವ ಜಾಗ

ಬ್ರೆಜಿಲ್ ಎಂದರೆ ಬಿಸಿಲು ಅಂದುಕೊಂಡವರು
ಜುಲೈನಲ್ಲಿ ಕುರಿಟೀಬಾಕ್ಕೆ ಬರಬೇಕು.
ಬೀದಿ ತಿರುವಿನಲ್ಲಿ ಪಿನ್ಯಾವ್ ಬೀಜ ಬೇಯಿಸುವವನ ಹಬೆ
ಮೊದಲ ಮಹಡಿಯ ನನ್ನ ಕಿಟಕಿಗೆ ಹತ್ತಿ
ಗಾಜಿಗೆ ಮುಖವೊತ್ತಿ ನಿಲ್ಲುತ್ತದೆ, ಸರತಿಯಲ್ಲಿರುವವರ ಹಾಗೆ.

ಕೋಟು ಬಿಚ್ಚುವ ಮೊದಲೇ ಗುರುತು ಸಿಕ್ಕಿತು:
ರಾತ್ರಿ ಎಂಟರ ವಾರ್ತೆ, ಪರದೆಯ ಬಲಮೂಲೆ,
ಬೆಂಕಿಪೊಟ್ಟಣದಷ್ಟು ಚೌಕದಲ್ಲಿ
ಕೈಯಲ್ಲೇ ಮಾತಾಡುವ ಹೆಂಗಸು.
ಜುಸ್ಸಾರಾ. ಐವತ್ತೊಂದು. ಕಪ್ಪು ಅಂಗಿ,
ಕೈ ಎದ್ದು ಕಾಣಲೆಂದು.

'ಹೊಸ ನಿರ್ದೇಶಕ ಹೇಳಿದ,
ಆ ಮೂಲೆಯಲ್ಲಿ ನೀವು ಸದಾ ಸಿಟ್ಟಾದಂತೆ ಕಾಣುತ್ತೀರಿ,
ನಾಳೆ ಮೋಡ ಅನ್ನುವಾಗಲೂ.'
ನಕ್ಕಳು.

ಕನ್ನಡಿ ಕೊಟ್ಟೆ. ಹುಬ್ಬುಗಳ ನಡುವೆ
ನೆಟ್ಟಗೆ ಎರಡು ಗೆರೆ, ಇಪ್ಪತ್ತೆಂಟು ವರ್ಷದ ದುಡಿಮೆ.
ಕನ್ನಡಿಯೊಳಗಿನ ಗಂಟು, ಅಂದೆ,
ಇದೊಂದನ್ನು ಮಾತ್ರ ಬಿಚ್ಚಬಹುದು.
ಇಪ್ಪತ್ತು ಯೂನಿಟ್, ಹತ್ತು ನಿಮಿಷ.
ದಿನಕ್ಕೆ ಏಳೆಂಟು ಹಣೆಬರಹ ಅಳಿಸಿ ಕಳಿಸುತ್ತೇನೆ.

'ಅಳಿಸಬೇಡಿ.'
ಒರಗಿದ್ದವಳು ಎದ್ದು ಕೂತಳು.
'ನನ್ನ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಇರಲಿಲ್ಲ.
ನಮ್ಮ ಮನೆಯ ಮಾತಿನಲ್ಲಿ
ಹುಬ್ಬು ಏರಿದರೆ, ಬಂದೆಯಾ, ಉಂಡೆಯಾ, ಹೌದಾ?
ಹುಬ್ಬು ಗಂಟಿಕ್ಕಿದರೆ, ಯಾರು. ಎಲ್ಲಿ. ಯಾಕೆ.
ಕೈ ಅದೇ, ಬೆರಳು ಅದೇ.
ಹುಬ್ಬು ಸತ್ತರೆ
ಅಣೆಕಟ್ಟು ಒಡೆದಿದೆಯಾ ಅನ್ನುವುದು
ಅಣೆಕಟ್ಟು ಒಡೆದಿದೆ ಆಗುತ್ತದೆ ಡಾಕ್ಟರೇ,
ಬೆಳಗಾಗುವುದರೊಳಗೆ ಒಂದು ಊರು ಖಾಲಿ.'

ಹದಿನಾರು ವರ್ಷದಿಂದ ಈ ಸೂಜಿ ಹಿಡಿದಿದ್ದೇನೆ.
ಹಣೆಗೆ ವ್ಯಾಕರಣವಿದೆಯೆಂದು ಯಾರೂ ಹೇಳಿರಲಿಲ್ಲ.

ಬಿಳಿ ಪೆನ್ಸಿಲ್ ತೆಗೆದೆ. ಕೇಳಿ, ಅಂದೆ.
'ಏನು?'
ಏನಾದರೂ. ಕೇಳುತ್ತಲೇ ಇರಿ.

ಅವಳು ಕೇಳಿದಳು. ಕೋಣೆ ತುಂಬ ಸದ್ದಿಲ್ಲದ ಪ್ರಶ್ನೆ.
ಚರ್ಮದ ಕೆಳಗೆ ಸ್ನಾಯು ಎಲ್ಲಿ ಏಳುತ್ತದೆ,
ಎಲ್ಲಿ ಸುಮ್ಮನೆ ದಣಿದು ಕೂತಿದೆ,
ಎಲ್ಲಿ ಯಾರು ಮುಗಿದು ಯಾಕೆ ಶುರುವಾಗುತ್ತದೆ
ಎಂದು ಚುಕ್ಕಿಯಿಟ್ಟೆ.
ಯಾಕೆ ಇರುವುದು ಎಡಹುಬ್ಬಿನ ಬುಡದಲ್ಲಿ,
ಎಳ್ಳುಕಾಳಿನಷ್ಟು ಜಾಗ.
ಅದನ್ನು ಬಿಟ್ಟೆ.

ಇದು ಉಪ್ಪಿನ ಕೆಲಸ. ಸಾಲದಿದ್ದರೆ ಹಾಕಬಹುದು,
ಹೆಚ್ಚಾದರೆ ನಾಲ್ಕು ತಿಂಗಳು ಉಣ್ಣಬೇಕು.
ಬಲಕ್ಕೆ ಎರಡು, ಎಡಕ್ಕೆ ಮೂರು, ನಡುವೆ ಒಂದು.
ಸಿರಿಂಜಿನಲ್ಲಿ ಉಳಿದದ್ದನ್ನು ಅವಳೆದುರೇ ಚೆಲ್ಲಿದೆ.

ಎರಡು ವಾರಕ್ಕೆ ಗಂಡನನ್ನೂ ಕರೆತಂದಳು.
ಅಡೆಮಾರ್, ಪುಸ್ತಕ ಹೊಲಿಯುವವನು, ಅವನಿಗೂ ಕೇಳಿಸದು.
ಕರಡು ತಿದ್ದುವವನಂತೆ ಹೆಂಡತಿಯ ಮುಖ ಓದುತ್ತಾ ಕೂತ.
ಅವಳ ಕೈ ಏನೋ ಕೇಳಿತು.
ಗಂಟು ಬಂತು, ಮೊದಲಿನ ಅರ್ಧ ಆಳ,
ಬಂದದ್ದು ಗೆರೆ ಬಿಡದೆ ಹೋಯಿತು.
ಅವನು ಹೊಟ್ಟೆ ಹಿಡಿದು ನಕ್ಕ.

'ಇವರಿಗೆ ಎಷ್ಟು ಕೊಟ್ಟೆ ಹೇಳು ಅಂದೆ.
ಕೊಟ್ಟಿದ್ದು ಯಾಕೆ ಅನ್ನುತ್ತಾನೆ,
ಏನೂ ಬದಲಾಗಿಲ್ಲವಲ್ಲ!'
ಅದಕ್ಕೇ ಕೊಟ್ಟದ್ದು, ಅಂದೆ.
ಅವಳು ಅದನ್ನೂ ಅವನಿಗೆ ದಾಟಿಸಿದಳು,
ನನ್ನ ಮಾತು ಅವಳ ಬೆರಳಲ್ಲಿ ನನಗಿಂತ ಚೆನ್ನಾಗಿತ್ತು.

ರಾತ್ರಿ ಎಂಟಕ್ಕೆ ಟೀವಿಯ ದನಿ ಅಡಗಿಸಿ ಕೂತೆ.
ಯಾವುದೋ ಸೇತುವೆ, ಯಾವುದೋ ಮಂತ್ರಿ.
ನಾನು ನೋಡಿದ್ದು ಮೂಲೆಯನ್ನು.
ಸಿಟ್ಟಿಲ್ಲ. ಪ್ರಶ್ನೆ ಇದೆ.

ಆಮೇಲೆ ಬಚ್ಚಲ ಕನ್ನಡಿಯಲ್ಲಿ
ಅವಳು ಕಲಿಸಿಹೋದ ಯಾಕೆಯನ್ನು ಮಾಡಿದೆ.
ಕೈ ಸರಿಯಾಗಿಯೇ ಎದ್ದಿತು.
ಸುಲಿದ ಮೊಟ್ಟೆಯಂತೆ ನನ್ನ ಹಣೆ,
ಹನ್ನೊಂದು ವರ್ಷದಿಂದ ನಾನೇ ಜಾಹೀರಾತು,
ಕೇಳಲಿಲ್ಲ, ಹೇಳಿತು.
ಮೇ ತಿಂಗಳಲ್ಲಿ ಹಾಕಿದ್ದು.
ಇಳಿಯುವುದು ಸೆಪ್ಟೆಂಬರಿಗೆ.