ಅಕ್ಷರದ ದರ

ಅಕ್ಷರಕ್ಕಿಷ್ಟು ಎಂದು ಕಾಸು ಎಣಿಸಿಕೊಳ್ಳುವವನು ನಾನು.
ಹದಿನಾಲ್ಕು ಡಾಲರು. ಚುಕ್ಕೆ, ಗೆರೆ ಬಿಟ್ಟಿ.
ಗೋರಿಗಲ್ಲಿನ ಅಂಗಡಿಯಲ್ಲಿ ಜನ ಮಿತಭಾಷೆ ಬೇಗ ಕಲಿಯುತ್ತಾರೆ:
'ಪ್ರೀತಿಯ ಪತಿ' ಎಂದು ಚೀಟಿ ಹಿಡಿದು ಬಂದವರು
ದರ ಕೇಳಿ, 'ಪತಿ' ಸಾಕು ಎನ್ನುತ್ತಾರೆ.

ಏಪ್ರಿಲ್ಲಿನಲ್ಲಿ ಟೋಬಿ ಸ್ಟೂಕಿಯ ಟ್ರ್ಯಾಕ್ಟರು
ಹಿಮ್ಮುಖ ಬಂದು
ಕ್ರೇಬಿಲ್ಸ್ ಫೋರ್ಡಿನ ಸ್ಮಾರಕಕ್ಕೆ ಗುದ್ದಿತು.
ಬಲಮೂಲೆ ಮುರಿಯಿತು. ಅದರ ಜೊತೆ ಇಬ್ಬರು ಸಿಪಾಯಿಗಳು
ಎರಡನೆಯ ಸಲ ಬಿದ್ದರು.
ಕೌಂಟಿಯವರು ನನಗೆ ಹೇಳಿಕಳಿಸಿದರು.

ಮೂವತ್ತೊಂದು ಹೆಸರು. ಸಾವಿರದ ಏಳುನೂರ ತೊಂಬತ್ತೆರಡು, ಮಾರ್ಚ್.
ಹೊಳೆ ದಾಟುವಾಗ, ಮಂಜಿನೊಳಗೆ,
ಒಂದು ತಾಸೂ ಹಿಡಿಯದ ಕಾಳಗ.
ಹೆಚ್ಚಿನವರಿಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ,
ಸಂಬಳ ಬಾಕಿ, ಬೂಟು ತೂತು,
ಒಬ್ಬ ಬರೀ ಡೋಲು ಹೊಡೆಯುವ ಹುಡುಗ.

ಸುಣ್ಣದಕಲ್ಲು. ಮೆತ್ತಗೆ.
ಅಕ್ಷರವೆಂದರೆ ಅಳಿಯದ್ದಂತೆ, ಯಾರೋ ತಿಳಿದವರು ಹೇಳಿದ್ದು;
ಅವರು ಈ ಊರಿನ ಮಳೆ ನೋಡಿದವರಲ್ಲ.
ಓದು ಕಲಿಯುವ ಮಗುವಿನಂತೆ ಬೆರಳಿಟ್ಟು
ಒಂದೊಂದನ್ನೇ ಸವರುತ್ತದೆ, ಸವೆಸುತ್ತದೆ.
ಎಬನೇಜರ್ ಎಂಬವನಲ್ಲಿ ಈಗ
'ನೇ' ಮಾತ್ರ ಉಳಿದಿದೆ.

ಪಕ್ಕದ ಫಿರಂಗಿ ಆ ಕಾಳಗದ್ದಲ್ಲ.
ಎಪ್ಪತ್ತು ವರ್ಷ ಆಮೇಲಿನದು, ಅಗ್ಗಕ್ಕೆ ಸಿಕ್ಕಿತೆಂದು ತಂದಿಟ್ಟದ್ದು.
ಅದರ ಬಾಯೊಳಗೆ ಹೆಬ್ಬೆರಳಷ್ಟು ಹಕ್ಕಿಯೊಂದು ಗೂಡು ಕಟ್ಟಿ
ಮದ್ದು ಜಡಿಯುವ ಶ್ರದ್ಧೆಯಲ್ಲಿ
ಮರಿಗಳಿಗೆ ಹುಳ ಜಡಿಯುತ್ತಿದೆ.

ಸಭೆ ನಡೆದದ್ದು ಅಗ್ನಿಶಾಮಕ ಠಾಣೆಯಲ್ಲಿ,
ಮಡಚುವ ಕುರ್ಚಿಗಳ ಮೇಲೆ. ಕಾಫಿ ನೀರು ನೀರು.
"ಹೇಗೂ ಕೆಲಸಕ್ಕೆ ಕೈ ಹಾಕಿದ್ದೇವಲ್ಲ," ಎಂದಳು ಟೀಚರು ವಿಲ್ಮಾ ಕ್ಲಿಂಗರ್,
"ಆಚೆ ದಡದವರನ್ನೂ ಸೇರಿಸೋಣ."
ಯಾರೋ ಕೆಮ್ಮಿದರು.
ಆಚೆಯವರು ಎಷ್ಟು ಜನ ಸತ್ತರು? ಲೆಕ್ಕವಿಲ್ಲ.
ಹೆಸರು? ಬರೆದಿಟ್ಟವರಿಲ್ಲ.
"'ಮತ್ತು ಇತರರು' ಅಂತ ಹಾಕಿಬಿಡಿ," ಎಂದ ಖಜಾಂಚಿ,
ಮೇಜಿನ ಕೆಳಗೆ ಬೆರಳು ಮಡಚಿ ಎಣಿಸುತ್ತ.

ಹಿಂದಿನ ಸಾಲಿನಲ್ಲಿದ್ದಳು ಆರ್ಲೆಟ್ಟಾ ಬೋಬಿಯೆನ್.
ಒಕ್ಲಹೋಮದಿಂದ ಎರಡು ದಿನ ಕಾರು ಓಡಿಸಿಕೊಂಡು ಬಂದವಳು.
ಅವಳ ಅಜ್ಜಿಯ ಅಜ್ಜಿಯನ್ನು ಈ ಹೊಳೆಯ ಬದಿಯಿಂದಲೇ
ದೋಣಿಗೆ ತುಂಬಿ, ಪಡುವಲಿಗೆ ಸಾಗಹಾಕಿದ್ದು.
ಎದ್ದು ನಿಂತವಳು ಮೊದಲು ಕನ್ನಡಕ ಒರೆಸಿಕೊಂಡಳು.
"ಹೆಸರಿದ್ದವು. ಕರೆದರೆ ತಿರುಗಿ ನೋಡುತ್ತಿದ್ದರು.
ನನಗೆ ಒಂದೂ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಕಟ್ಟಿ ಹೇಳಲಾರೆ.
'ಇತರರು' ಬೇಡ.
ಅವರ ಪಾಲಿನ ಜಾಗ ಬಿಡಿ. ಖಾಲಿ."

ಖಜಾಂಚಿಗೆ ಹೋದ ಜೀವ ಬಂತು:
"ಖಾಲಿಗೆ ದುಡ್ಡಿಲ್ಲವಲ್ಲ?"
ಎಲ್ಲರ ಮುಖ ನನ್ನ ಕಡೆ.

ಇದ್ದದ್ದು ಹೇಳಿದೆ. ಖಾಲಿಯೇ ದುಬಾರಿ.
ಅಕ್ಷರ ಇದ್ದರೆ ಕೈತಪ್ಪು ಅದರ ನೆರಳಲ್ಲಿ ಅಡಗುತ್ತದೆ.
ಬರಿಗಲ್ಲಿಗೆ ಮರೆಯಿಲ್ಲ.
ಉಳಿಯ ಒಂದು ಗೀರು ಸಾಕು,
ಬಿಸಿಲು ಓರೆಯಾದಾಗ ಊರಿಗೆಲ್ಲ ಕಾಣುತ್ತದೆ.
ಮರಳುಕಾಗದ, ನೀರು, ಮತ್ತೆ ಮರಳುಕಾಗದ,
ಮೂರು ವಾರ ಹಿಡಿಯುತ್ತದೆ.

ಐದಕ್ಕೆ ನಾಲ್ಕು. ಖಾಲಿ ಗೆದ್ದಿತು.
ನನ್ನ ಕೂಲಿಯನ್ನು ಅರ್ಧಕ್ಕಿಳಿಸಿದ್ದು ಮಾತ್ರ ಸರ್ವಾನುಮತ.

ಇಬ್ಬರು ಸಿಪಾಯಿಗಳನ್ನು ಎಬ್ಬಿಸಿ ನಿಲ್ಲಿಸಿದೆ.
ಟೋಬಿ ದಿನಾ ಮಧ್ಯಾಹ್ನ ಸ್ಯಾಂಡ್‌ವಿಚ್ ತಂದುಕೊಟ್ಟು
ಏನೂ ಹೇಳದೆ ಹೋಗುತ್ತಿದ್ದ.
ಆಮೇಲೆ ಎಡಗಡೆಯ ಬಯಲು. ಉಜ್ಜಿದೆ.
ಹತ್ತನೆಯ ದಿನ ಕಲ್ಲೊಳಗಿಂದ ಏನೋ ಏಳತೊಡಗಿತು,
ಉಗುರಿನಷ್ಟು ಚಿಪ್ಪು, ಅದರ ಬದಿಗೆ ಇನ್ನೊಂದು,
ಬಟನ್ನಿನಂಥ ಬಿಲ್ಲೆಗಳು, ಮುರಿದ ಸುರುಳಿ.
ಇಲ್ಲಿ ಸಮುದ್ರವಿದ್ದ ಕಾಲದವು.
ಅಳಿಸಬೇಕೆಂದಷ್ಟೂ ಹೊಳೆದವು.

ಈಗ ರಾತ್ರಿ ಬಿಲ್ಲು ಬರೆಯುತ್ತಿದ್ದೇನೆ.
ಹೆಸರು, ಎರಡು. ಅಕ್ಷರ, ಇಪ್ಪತ್ತಾರು.
ಮೂರನೆಯ ಬಾಬ್ತಿನ ಎದುರು
ಪೆನ್ನು ಊರಿ ಕೂತಿದ್ದೇನೆ.