ಮೀನು ಸುತ್ತಿದ ಕಾಗದ

ಗ್ರಿಮ್ಸ್‌ಬಿ ಬಂದರು, ೧೯೫೪

ನನಗೆ ಆಗ ಹತ್ತೊಂಬತ್ತು.
ಹಡಗುಕಟ್ಟೆಯ ಹಿಂದಿನ ಬೀದಿಯಲ್ಲಿ ಮಿಸೆಸ್ ಗಾರ್ನೆಟ್ಟರ ಅಂಗಡಿ,
ಬಾಣಲೆಯಲ್ಲಿ ದನದ ಕೊಬ್ಬು, ಹ್ಯಾಡಕ್ ಮೀನು, ಆಲೂಗಡ್ಡೆ.
ಸುತ್ತಿಕೊಡಲು ಹಳೆಯ ಪೇಪರು.
ಹುಡುಗರು ಮನೆಮನೆ ತಿರುಗಿ ತಂದು ತೂಕಕ್ಕೆ ಹಾಕಿ
ಹಿಡಿ ಚಿಪ್ಸು ಬಾಚಿಕೊಂಡು ಓಡುತ್ತಿದ್ದರು.

ಶುಕ್ರವಾರ ಆರೂವರೆಗೆ ಹೊರೇಸ್ ಟಪ್ಲಿನ್,
ಪಿಯಾನೋಗಳಿಗೆ ಶ್ರುತಿ ಹಿಡಿಯುವವನು.
ಬಾಗಿಲ ಗಂಟೆ ಟಿಣ್ ಎಂದರೆ
"ಇವತ್ತೂ ಕೂದಲೆಳೆಯಷ್ಟು ಇಳಿದಿದೆ, ಐವಿ" ಎನ್ನುತ್ತಿದ್ದ.
ಮೂರು ಶುಕ್ರವಾರ ಒಂದು ಮೀನು, ವಿನೆಗರ್ ಸುರಿದು;
ನಾಲ್ಕನೆಯದಕ್ಕೆ ಎರಡು. ಎರಡನೆಯದಕ್ಕೆ ವಿನೆಗರ್ ಬೇಡ.
ಯಾವ ಟ್ರಾಲರ್ ಯಾವಾಗ ಬರುತ್ತದೆಂದು
ಹಸುಗೂಸಿಗೂ ಗೊತ್ತಿದ್ದ ಊರಿನಲ್ಲಿ
ಈ ಲೆಕ್ಕ ಯಾರಿಗೂ ಹೊಳೆಯಲಿಲ್ಲ.

ನವೆಂಬರಿನ ಒಂದು ಮಂಗಳವಾರ, ಐದನೇ ಪುಟ.
ಮೇಲೆ ಸೇವಂತಿಗೆ ಪ್ರದರ್ಶನ, ಬಹುಮಾನ ಹಿಡಿದ ಪಾದ್ರಿಯ ನಗು,
ಕೆಳಗೆ ಕಾಡ್ ಮೀನಿನ ದರ,
ನಡುವೆ ಗೇಣುದ್ದದ ಕಾಲಮ್ಮು: ಗಂಭೀರ ಆರೋಪ.

ಏನು ಆರೋಪ? ಹೇಳಲಿಲ್ಲ.
ಮರ್ಯಾದಸ್ಥರ ಪತ್ರಿಕೆ, ಹೆಂಗಸರು ಮಕ್ಕಳು ಓದುವಂಥದ್ದು.
ಅಪರಾಧದ ಹೆಸರೆತ್ತಲು ನಾಚಿತು;
ಮನೆಯ ನಂಬರಿಗೆ ನಾಚಲಿಲ್ಲ.
ಹೊರೇಸ್ ಟಪ್ಲಿನ್, ನಲವತ್ತೊಂದು,
ರೋಪ್‌ವಾಕ್ ಬೀದಿ, ಹದಿನಾಲ್ಕು, ಮಹಡಿಯ ಹಿಂದಿನ ಕೋಣೆ.
ಡೆನಿಸ್ ಕಾರ್, ಇಪ್ಪತ್ತಾರು, ಟ್ರಾಲರಿನ ಆಳು,
ಅದೇ ವಿಳಾಸ.

ಪೊಲೀಸರು ಮುಂದಿಟ್ಟ ವಸ್ತುಗಳು:
ಹುಟ್ಟುಹಬ್ಬದ ಕಾರ್ಡು ಒಂದು. ಪೌಡರ್ ಡಬ್ಬಿ ಒಂದು.

ಅದು ಸಿಕ್ಕಿಕೊಂಡ ಪಿಯಾನೋ ಮನೆಗಳಿಗೆ ಉದುರಿಸುವ ಪುಡಿ,
ಆ ಕಸುಬಿನ ಯಾರ ಚೀಲದಲ್ಲೂ ಇರುವಂಥದ್ದು.
ವರದಿಗಾರ ಕೇಳಲಿಲ್ಲ.
ಪೌಡರ್ ಎಂದು ಬರೆದು ಚುಕ್ಕೆಯಿಟ್ಟ.
ಆ ಚುಕ್ಕೆಗೆ ಊರೆಲ್ಲ ನಕ್ಕಿತು.

ನಾನೇ ಓದಿದ್ದೆ, ಗಟ್ಟಿಯಾಗಿ,
ಕೌಂಟರಿಗೆ ಮೊಣಕೈ ಊರಿ, ಸಾಲಿನಲ್ಲಿದ್ದವರಿಗೆ.
ಪೌಡರ್ ಬಂದಾಗ ರಾಗ ಎಳೆದೆ.
ಮಿಸೆಸ್ ಗಾರ್ನೆಟ್ಟರ ಸೌಟು ಕೈಜಾರುವಷ್ಟು ನಗು.

ಮರುದಿನ ಸಂಪಾದಕರೇ ಬರೆದರು:
ಒಂದು ಕೊಳೆತ ಮೀನು ಬುಟ್ಟಿಯನ್ನೇ ಕೆಡಿಸುತ್ತದೆ.
ದೋಣಿ ಹತ್ತದವನು
ನಮಗೆ ಮೀನಿನ ಪಾಠ ಹೇಳಿದ್ದ.

ವಾರದೊಳಗೆ ಆ ಪುಟ ರದ್ದಿಯಾಗಿ ನನ್ನ ಕೈಗೇ ಬಂತು,
ಒಂದಲ್ಲ, ಮೂವತ್ತು, ನಲವತ್ತು.
ಅವನ ಹೆಸರಿನ ಮೇಲೆ ಬಿಸಿ ಹ್ಯಾಡಕ್ ಇಟ್ಟೆ,
ಹದಿನಾಲ್ಕರ ಮೇಲೆ ಉಪ್ಪು.
ಜಿಡ್ಡು ಹೀರಿ ಕಾಗದ ತೆಳುವಾದಾಗ
ಹಿಂಬದಿಯ ಕಾರ್ಸೆಟ್ ಜಾಹೀರಾತು
ಅವನ ವಯಸ್ಸಿನೊಳಗಿಂದ ಇಣುಕುತ್ತಿತ್ತು.

ಜಾಮೀನಿನ ಮೇಲಿದ್ದನಂತೆ. ಶುಕ್ರವಾರ ಬಂದ.
ಗಂಟೆ ಟಿಣ್ ಎಂದಿತು, ಅದಕ್ಕೆ ಏನೂ ಅನ್ನಲಿಲ್ಲ.
ಸಾಲು ತಾನಾಗಿ ಬದಿಗೆ ಸರಿದು ದಾರಿ ಕೊಟ್ಟಿತು,
ಗೌರವಕ್ಕಲ್ಲ.
"ಒಂದು," ಎಂದ. "ವಿನೆಗರ್ ಬೇಡ."
ಅದು ಅವನ ಪಾಲಲ್ಲ. ನನಗೆ ಗೊತ್ತಿತ್ತು.

ಕಾಗದಕ್ಕೆ ಕೈ ಹಾಕಿದೆ: ಐದನೇ ಪುಟ.
ಅದರ ಕೆಳಗೆ ಐದನೇ ಪುಟ.
ಅದರ ಕೆಳಗೂ.
ಗಲ್ಲಾಪೆಟ್ಟಿಗೆಯಡಿ ಬಿಳಿ ಕಾಗದದ ಸುರುಳಿ,
ಪಾದ್ರಿಯ ಮನೆಯ ಆರ್ಡರಿಗೆ ಮಾತ್ರ ಮೀಸಲು.
ಹರಿದೆ. ಸುತ್ತಿದೆ.
ಅವನು ಏನೂ ಬರೆಯದ ಆ ಹಾಳೆಯನ್ನು ನೋಡಿದ,
ನನ್ನನ್ನು ನೋಡಿದ, ಚಿಲ್ಲರೆ ಎಣಿಸಿಟ್ಟು ಹೋದ.
ನಾನು ಓದಿದ್ದನ್ನು ಯಾರೋ ಅವನಿಗೆ ಹೇಳಿರಬೇಕು.
ಆ ಸುರುಳಿಯ ದುಡ್ಡು ನನ್ನ ಸಂಬಳದಲ್ಲಿ ಮುರಿದರು.
ಕಥೆ ಹೇಳುವಾಗೆಲ್ಲ ನಾನು ಅದನ್ನೇ ಮೊದಲು ಹೇಳುತ್ತಿದ್ದೆ,
ಓದಿದ್ದನ್ನು ಬಿಟ್ಟು.

ಮೊನ್ನೆ ಪತ್ರಿಕೆಗೆ ಎಷ್ಟೋ ವರ್ಷ ತುಂಬಿತೆಂದು
ಹಳೆಯ ಪುಟಗಳ ಪುರವಣಿ ತಂದಿದ್ದಾರೆ,
ಅಂದಿನ ನಮ್ಮೂರು, ಬಣ್ಣದ ಅಂಚು.
ಭೂತಗನ್ನಡಿ ಹಿಡಿದು ಹುಡುಕಿದೆ.
ಸೇವಂತಿಗೆ ಇದೆ. ಪಾದ್ರಿಯ ನಗು ಇದೆ.
ಕಾಡ್ ಮೀನಿನ ದರವೂ ಇದೆ.
ನಡುವೆ, ಮುದುಕರನ್ನು ಮಹಡಿ ಹತ್ತಿಸುವ
ಕರೆಂಟು ಕುರ್ಚಿಯ ಜಾಹೀರಾತು ಅಂಟಿಸಿದ್ದಾರೆ,
ನೀಟಾಗಿಯೇ.
ಎಡಗಡೆ ಮಾತ್ರ ಕತ್ತರಿಗೆ ತಪ್ಪಿದ ಒಂದು ಚೂರು,
ಮೊದಲಕ್ಷರ ಹೋಗಿದೆ:

ದೇ ವಿಳಾಸ.